ಸೂಜಿ ಚುಚ್ಚಿದ್ದೆಲ್ಲ ಗಾಯವಲ್ಲ

ಜನವರಿ ೯

ಮೋಟುಜಡೆಗೆ,

ಆರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತಿರಬೇಕು ಅಂದುಕೊಂಡಿರುತ್ತೀಯ. ಇನ್ನೂ ಇಲ್ಲ. ಎರಡು ವರ್ಷ ಇದೆ ಅನ್ನುತ್ತಾರೆ ಡಾಕ್ಟರು, ಅದನ್ನೂ ಅಂಗಡಿಯವನು ಉಳಿದ ಬಟ್ಟೆ ಅಳೆದು ಹೇಳುವ ಧಾಟಿಯಲ್ಲಿ. ನನ್ನ ಶ್ವಾಸಕೋಶದೊಳಗೆ ಕಲೆ ಕಟ್ಟುತ್ತಿದೆಯಂತೆ. ಮೆತ್ತಗಿರಬೇಕಾದದ್ದು ಹಳೆ ಚಪ್ಪಲಿಯ ಚರ್ಮದಂತೆ ಬಿರುಸಾಗುತ್ತಿದೆಯಂತೆ. ಇಷ್ಟು ವರ್ಷ ವಿಗ್ ಕಟ್ಟಲು ಕಂಡವರ ಕೂದಲು ಬಾಚಿ ಧೂಳು ಕುಡಿದದ್ದಕ್ಕೆ ಬಹುಮಾನ ಅಂತ ನಾನು. "ಇಂಥದೇ ಕಾರಣ ಅಂತ ಹೇಳಕ್ಕಾಗಲ್ಲಮ್ಮ, ವಯಸ್ಸೂ ಸೇರಿದೆ" ಅಂತ ಅವರು.

ಅವರ ಕೋಣೆಯ ಹೊರಗೆ ಕಾಯುತ್ತಿದ್ದಾಗ ಒಂದು ಪತ್ರಿಕೆಯಲ್ಲಿ ನಿನ್ನ ಫೋಟೊ ಕಂಡೆ. ಕೂದಲು ಇನ್ನೂ ಮೋಟಾಗಿಯೇ ಇಟ್ಟುಕೊಂಡಿದ್ದೀಯ. ಮೈಯಲ್ಲಿನ ಮುಪ್ಪಾದ ಜೀವಕೋಶಗಳನ್ನು ಕೊಲ್ಲುವ ಮಾತ್ರೆ ಮಾಡಿದ್ದೀಯಂತೆ, ನನ್ನಂಥ ರೋಗಿಗಳ ಮೇಲೆ ಅದರ ಪ್ರಯೋಗ ಶುರುವಾಗುತ್ತದಂತೆ. ನನ್ನನ್ನು ಸೇರಿಸು. ಸಾಕಾಯಿತು, ಬಾಳಿದೆ, ಇನ್ನು ಹೋಗುತ್ತೇನೆ ಅನ್ನುವ ಮುದುಕಿಯರ ಪೈಕಿ ನಾನಲ್ಲ ಅಂತ ನಿನಗೆ ಗೊತ್ತು. ನನಗೆ ಸಾಯಲು ಇಷ್ಟವಿಲ್ಲ.

ಫೋನ್ ಮಾಡಲಿಲ್ಲ. ಎರಡು ಮಾತಿಗೊಂದು ಕೆಮ್ಮು ಬರುತ್ತದೆ. ಕೆಮ್ಮುತ್ತಾ ಬೇಡಿದರೆ ನಾಟಕ ಅನ್ನುತ್ತೀಯ.

ಇತಿ,
ನಿನ್ನನ್ನು ಹೆತ್ತವಳು


ಜನವರಿ ೩೦

ಅಮ್ಮನಿಗೆ,

ಪತ್ರ ತಲುಪಿತು. ಪ್ರಯೋಗದ ತಂಡದಲ್ಲಿರುವವರ ಸಂಬಂಧಿಕರನ್ನು ಪ್ರಯೋಗಕ್ಕೆ ಸೇರಿಸುವಂತಿಲ್ಲ. ಹಾಗಾಗಿ 'ಆಗುವುದಿಲ್ಲ' ಎಂದು ಬರೆದು ಲಕೋಟೆ ಅಂಟಿಸಿದ್ದೆ. ಇವತ್ತು ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಕನಿಕರ ಬಂತು ಎಂದು ತಿಳಿಯಬೇಡ. ಒಬ್ಬ ರೋಗಿ ಕಡಿಮೆ ಬಿದ್ದಿದ್ದಾರೆ, ಆ ಜಾಗ ತುಂಬದೆ ಪ್ರಯೋಗ ಶುರುವಾಗುವುದಿಲ್ಲ.

ನೀನು ಏನು ನುಂಗುತ್ತೀಯ ಎಂಬುದು ನಿನಗೆ ತಿಳಿದಿರಬೇಕು. ಮೈಯ ಜೀವಕೋಶಗಳು ಒಂದು ಎರಡಾಗಿ ಹೆಚ್ಚುತ್ತವೆ. ಪ್ರತಿ ಸಲವೂ ಅವುಗಳೊಳಗಿನ ಎಳೆಯ ತುದಿ ಸ್ವಲ್ಪ ಸವೆಯುತ್ತದೆ. ಸವೆತ ಮಿತಿ ಮೀರಿದರೆ, ಅಥವಾ ಒಳಗೆ ಏಟು ಬಿದ್ದರೆ, ಕೋಶ ಹೆಚ್ಚುವುದನ್ನು ನಿಲ್ಲಿಸಿಬಿಡುತ್ತದೆ. ನಿಲ್ಲುವುದು ಒಳ್ಳೆಯದಕ್ಕೇ, ಯಾಕೆಂದರೆ ಕೆಟ್ಟ ಕೋಶ ಹೆಚ್ಚುತ್ತಾ ಹೋದರೆ ಕ್ಯಾನ್ಸರ್ ಆಗುತ್ತದೆ. ತೊಂದರೆ ಏನೆಂದರೆ, ಹಾಗೆ ನಿಂತ ಕೋಶ ಸಾಯುವುದಿಲ್ಲ. ಊದಿಕೊಂಡು, ಚಪ್ಪಟೆಯಾಗಿ ಕೂತು, ಸುತ್ತಲೂ ಉರಿ ಹುಟ್ಟಿಸುವ ರಸ ಬಿಡುತ್ತದೆ. ಆ ರಸ ತಗುಲಿ ಪಕ್ಕದ ಒಳ್ಳೆಯ ಕೋಶಗಳಿಗೂ ಮುಪ್ಪು ಹತ್ತುತ್ತದೆ. ಪ್ರಾಯದಲ್ಲಿ ದೇಹದ ಕಾವಲು ಕೋಶಗಳು ಇವನ್ನು ಗುಡಿಸಿ ಹಾಕುತ್ತವೆ. ವಯಸ್ಸಾದಂತೆ ಗುಡಿಸುವವರು ಸೋಲುತ್ತಾರೆ, ಕಸ ಉಳಿಯುತ್ತದೆ. ಮಂಡಿ ಸವೆಯುವುದರಲ್ಲಿ, ರಕ್ತನಾಳ ಪೆಡಸಾಗುವುದರಲ್ಲಿ, ನಿನ್ನ ಶ್ವಾಸಕೋಶದ ಕಲೆಯಲ್ಲಿ ಇವುಗಳ ಕೈವಾಡವಿದೆ. ನಮ್ಮ ಮಾತ್ರೆ ಇವನ್ನು ಹುಡುಕಿ ಕೊಲ್ಲುತ್ತದೆ. ಇಲಿಗಳ ಉಸಿರಾಟ ಸುಧಾರಿಸಿದೆ. ಮನುಷ್ಯರ ವಿಷಯ ಗೊತ್ತಿಲ್ಲ, ಅದಕ್ಕೇ ಪ್ರಯೋಗ.

ತಿಂಗಳಿಗೊಮ್ಮೆ ರೈಲು ಹತ್ತಿ ಇಲ್ಲಿನ ಆಸ್ಪತ್ರೆಗೆ ಬಂದು, ಮೂರು ದಿನ ಇದ್ದು ಮಾತ್ರೆ ತೆಗೆದುಕೊಳ್ಳಬೇಕು. ಮನೆಯಲ್ಲಿ ಯಾರಿದ್ದಾರೆ ಎಂದು ನರ್ಸ್ ಕೇಳುತ್ತಾಳೆ. ಮಕ್ಕಳಿಲ್ಲ ಎನ್ನು. ವಾರ್ಡಿನಲ್ಲಿ ನನ್ನನ್ನು ಕಂಡರೆ ಗುರುತು ಹಿಡಿಯಬೇಡ. ನಿನಗೆ ಇದು ಕಷ್ಟವಾಗಲಾರದು.

ಮಗಳು


ಫೆಬ್ರವರಿ ೨೦

ಮಗಳಲ್ಲದವಳಿಗೆ,

ನಿನ್ನ ಪಾಠ ಓದಿದೆ. ಕೆಲಸ ಮಾಡುವುದಿಲ್ಲ, ಸಾಯುವುದೂ ಇಲ್ಲ, ಜಾಗ ಬಿಡದೆ ಕೂತು ಅಕ್ಕಪಕ್ಕದವರ ಬಾಳು ಹಾಳು ಮಾಡುತ್ತದೆ. ಇದನ್ನು ಕಂಡುಹಿಡಿಯಲು ಅಷ್ಟು ವರ್ಷ ಓದಬೇಕಿತ್ತೇ? ನನ್ನ ಅತ್ತೆಯ ಜೊತೆ ಒಂದು ವಾರ ಇದ್ದಿದ್ದರೆ ಸಾಕಿತ್ತು. ಬರೆಯುವಾಗ ನಿನ್ನ ಕಣ್ಣ ಮುಂದೆ ಇದ್ದದ್ದು ನಾನೇ ಅಂತ ಗೊತ್ತು. ಇರಲಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ.

ನರ್ಸ್ ಒಳ್ಳೆಯ ಹುಡುಗಿ. ಕೂದಲು ಮಾತ್ರ ಇಲಿಬಾಲ. ಪಕ್ಕದಲ್ಲಿ ಕೂತು ಒಂದೊಂದಾಗಿ ಕೇಳಿದಳು.

"ಮನೇಲಿ ಯಾರ್ಯಾರಿದೀರಮ್ಮ?"

"ನಾನು. ಆಮೇಲೆ ವಿಗ್ ಕೂರಿಸೋ ಮರದ ತಲೆಗಳು."

"ಮಕ್ಕಳು?"

"ಇಲ್ಲ."

"ಆಗ್ಲೇ ಇಲ್ವಾ?"

"ಒಂದಾಗಿತ್ತು. ಉಳೀಲಿಲ್ಲ."

ಅವಳು ನನ್ನ ಕೈ ಹಿಡಿದುಕೊಂಡಳು. ನೀನು ಹೇಳಿಕೊಟ್ಟದ್ದಕ್ಕಿಂತ ಒಂದು ಮಾತು ಜಾಸ್ತಿಯೇ ಬಂತು ಬಾಯಿಂದ. ಎಷ್ಟು ಸಲೀಸಾಗಿ ಬಂತು ಅಂದರೆ, ಈ ಮಾತು ಎಷ್ಟು ದಿನದಿಂದ ನಾಲಿಗೆ ಮೇಲೆ ಕೂತಿತ್ತೋ ಅನ್ನಿಸಿತು. ಆಮೇಲೆ ಬಿದ್ದಿದ್ದೀರಾ, ಸುಟ್ಟುಕೊಂಡಿದ್ದೀರಾ, ಮೈಮೇಲೆ ಗಾಯ ಇದೆಯಾ ಅಂತೆಲ್ಲ ಕೇಳಿದಳು. ಇಲ್ಲ ಅಂದೆ. ಪ್ರತಿ ತಿಂಗಳೂ ಕೇಳುತ್ತಾಳಂತೆ.

ನೀನು ಕಾರಿಡಾರಿನಲ್ಲಿ ಹಾದುಹೋದೆ. ಬಿಳಿ ಕೋಟಿನ ಭುಜ ಇಳಿಬಿದ್ದಿದೆ, ಹಿಡಿಸಿಕೊಳ್ಳಬಾರದೇ? ನಾನು ಗೋಡೆಯ ಕಡೆ ತಿರುಗಿ ನಿನ್ನ ಮಾತು ಉಳಿಸಿದೆ. ನೀನು ತಿರುಗಬೇಕಾದ ಕಷ್ಟವೇ ಬರಲಿಲ್ಲ, ನೆಟ್ಟಗೆ ಹೋದೆ.

ಇತಿ,
ಮಕ್ಕಳಿಲ್ಲದವಳು


ಏಪ್ರಿಲ್ ೩

ಮೋಟುಜಡೆಗೆ,

ಹೋದ ಸಲ ಬರೆದದ್ದಕ್ಕೆ ಉತ್ತರವಿಲ್ಲ. ಹಸಿದವಳು ಕರೆಯೋಲೆಗೆ ಕಾಯುವುದಿಲ್ಲ, ನಾನೇ ಬರೆಯುತ್ತಿದ್ದೇನೆ.

ನಿನ್ನ ಮಾತ್ರೆ ಕೆಲಸ ಮಾಡುತ್ತಿದೆ. ಇದನ್ನು ಇಷ್ಟವಿಲ್ಲದೆ ಬರೆಯುತ್ತಿದ್ದೇನೆ, ನಿನ್ನನ್ನು ಹೊಗಳಿ ನನಗೆ ಅಭ್ಯಾಸವಿಲ್ಲ. ಮೊನ್ನೆ ತುಂಬಿದ ಬಕೆಟ್ ಎತ್ತಿ ಕೂದಲು ತೊಳೆದೆ. ನಿನ್ನೆ ಶಿಳ್ಳೆ ಹಾಕಲು ನೋಡಿದೆ, ಬಂತು. ಪಕ್ಕದ ಮನೆಯವಳು ಕಿಟಕಿಯಲ್ಲಿ ಇಣುಕಿ ಯಾರು ಅಂತ ನೋಡಿದಳು. ಇಷ್ಟು ದಿನ ನನ್ನ ಕೆಮ್ಮು ಎಣಿಸುತ್ತಾ ನನ್ನ ಕೋಣೆಯ ಮೇಲೆ ಕಣ್ಣಿಟ್ಟಿದ್ದಳು ಪಾಪ, ಈಗ ಮುಖ ಸಪ್ಪಗಾಗಿದೆ.

ಉಸಿರು ಬಂದದ್ದೇ ದೊಡ್ಡ ಆರ್ಡರ್ ಹಿಡಿದಿದ್ದೇನೆ. ನಾಟಕದ ಕಂಪನಿಗೆ ಒಂದು ಇಡೀ ರಾಜಸಭೆಯ ಬಿಳಿ ವಿಗ್‌ಗಳು. ಒಂದೊಂದೇ ಕೂದಲು ಬಲೆಯಲ್ಲಿ ಎಳೆದು ಗಂಟು ಹಾಕುವ ಕೆಲಸ ನಿನಗೆ ಗೊತ್ತಿದ್ದದ್ದೇ. ಕೊಕ್ಕೆ ಸೂಜಿ ಬೆರಳಿಗೆ ತಾಗುವುದೂ ಗೊತ್ತಿದ್ದದ್ದೇ. ಮೊದಲೆಲ್ಲ ಸಂಜೆ ಚುಚ್ಚಿದ್ದು ಬೆಳಿಗ್ಗೆಗೆ ಕಾಣುತ್ತಿರಲಿಲ್ಲ. ಈಗ ಮಾಯುತ್ತಿಲ್ಲ. ಹಳೇ ತೂತು ಹಾಗೇ ಇರುತ್ತದೆ, ಪಕ್ಕದಲ್ಲಿ ಹೊಸದು ಬೀಳುತ್ತದೆ. ಬಿಳಿ ಕೂದಲಿಗೆ ಕೆಂಪು ಅಂಟಿ, ಮಂತ್ರಿಯ ತಲೆಯನ್ನು ಎರಡು ಸಲ ತೊಳೆದೆ. ವಯಸ್ಸು ಅಂತ ಕಾಣುತ್ತದೆ. ನರ್ಸ್ ಗಾಯ ಇದೆಯಾ ಅಂತ ಮತ್ತೆ ಕೇಳಿದಳು, ಇಲ್ಲ ಅಂದೆ. ಸೂಜಿ ಚುಚ್ಚಿದ್ದನ್ನೆಲ್ಲ ಗಾಯ ಅಂದರೆ ನಮ್ಮ ಕಸುಬಿನವರು ನಕ್ಕಾರು.

ಇತಿ,
ಹೆತ್ತವಳು


ಮೇ ೧೧

ಅಮ್ಮನಿಗೆ,

ನಿನ್ನ ಪತ್ರದ ಕೊನೆಯ ಸಾಲುಗಳನ್ನು ಓದಿ ಒಂದು ತಿಂಗಳು ಸುಮ್ಮನಿದ್ದೆ. ಈಗ ಬರೆಯಲೇಬೇಕು.

ನಮ್ಮ ಲ್ಯಾಬಿನಲ್ಲಿ ಇಲಿಗಳ ಗುರುತಿಗೆ ಕಿವಿಯಲ್ಲಿ ಪುಟ್ಟ ತೂತು ಹೊಡೆಯುತ್ತೇವೆ. ಬರುಬರುತ್ತಾ ಅದು ಕಿರಿದಾಗಿ, ಯಾವ ಇಲಿ ಯಾವುದೆಂದು ತಿಳಿಯದೆ ಪರದಾಡುತ್ತೇವೆ. ಈ ಮಾತ್ರೆ ತಿಂದ ಇಲಿಗಳಲ್ಲಿ ಮಾತ್ರ ಆ ತೂತು, ಹೊಡೆದ ದಿನ ಇದ್ದ ಹಾಗೇ ಇರುತ್ತಿತ್ತು. "ಏನೇ ಆಗ್ಲಿ, ಗುರುತು ಹಿಡಿಯೋದಂತೂ ಸುಲಭ ಆಯ್ತು" ಎಂದು ನಕ್ಕು ಬಿಟ್ಟೆವು. ಬರೆದಿಡಲಿಲ್ಲ.

ಕಾರಣ ಇಷ್ಟೇ. ಗಾಯವಾದ ಜಾಗದಲ್ಲೂ ಈ ಮುಪ್ಪಿನ ಕೋಶಗಳು ಹುಟ್ಟುತ್ತವೆ. ಕೆಲವು ದಿನ ಕೂತು, ಅದೇ ರಸ ಬಿಟ್ಟು, ಚರ್ಮ ಕೂಡಿಸುವ ಕೋಶಗಳನ್ನು ಕರೆಯುತ್ತವೆ. ಕೆಲಸ ಮುಗಿದ ಮೇಲೆ ದೇಹ ಅವನ್ನು ಗುಡಿಸುತ್ತದೆ. ನಮ್ಮ ಮಾತ್ರೆ ಕೆಲಸಕ್ಕೆ ಮೊದಲೇ ಗುಡಿಸುತ್ತಿದೆ. ಉಳಿದ ರೋಗಿಗಳಲ್ಲಿ ಇದು ಕಂಡಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತಿರುವವರಿಗೆ ಗಾಯ ಎಲ್ಲಿಂದ ಬರಬೇಕು? ಬೆರಳಿಗೆ ಸೂಜಿ ಚುಚ್ಚಿಕೊಂಡೇ ಬದುಕುವವಳು ನೀನೊಬ್ಬಳೇ.

ನರ್ಸಿಗೆ ಹೇಳಿದರೆ ಪ್ರಯೋಗ ನಿಲ್ಲುತ್ತದೆ. ನಿನ್ನ ಮಾತ್ರೆಯೂ ನಿಲ್ಲುತ್ತದೆ, ಉಸಿರೂ ಮೊದಲಿನ ದಾರಿ ಹಿಡಿಯುತ್ತದೆ. ಆದ್ದರಿಂದ ಹೇಳಬೇಡ. ವಿಗ್ ಕೆಲಸ ಬಿಡು. ವಾರಕ್ಕೊಮ್ಮೆ ಕಾಗದದ ಮೇಲೆ ಕೈ ಇಟ್ಟು ಬೆರಳುಗಳ ಸುತ್ತ ಗೆರೆ ಎಳೆದು, ತೂತು ಎಲ್ಲೆಲ್ಲಿ ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡ ಚುಕ್ಕೆ ಹಾಕಿ ಕಳಿಸು. ನನಗೆ ತಿಳಿಯಬೇಕು.

ಇದು ಅನ್ಯಾಯ ಎನ್ನುತ್ತೀಯ. ನನಗೆ ಹನ್ನೆರಡು ವರ್ಷವಾಗಿದ್ದಾಗ ಜ್ವರ ಬಂದು ಮಲಗಿದ್ದೆ. ಜಡೆ ಮಂಡಿ ಮುಟ್ಟುತ್ತಿತ್ತು. ಎದ್ದಾಗ ತಲೆ ಹಗುರವಾಗಿತ್ತು. ನಾಟಕದವರ ರಾಣಿಗೆ ಒಂದು ಜಡೆಯಷ್ಟು ಕೂದಲು ಕಡಿಮೆ ಬಿದ್ದಿತ್ತಂತೆ. ಆ ನಾಟಕಕ್ಕೆ ನೀನು ನನ್ನನ್ನೇ ಕರೆದುಕೊಂಡು ಹೋಗಿ, ರಾಣಿ ರಂಗಕ್ಕೆ ಬಂದಾಗ ಪಕ್ಕದವರಿಗೆ "ಕೂದಲು ನೋಡಿ ಹೆಂಗಿದೆ" ಎಂದು ತೋರಿಸಿದೆ. ನಾನು ಅಳುತ್ತಿದ್ದೆ. "ಆರ್ಡರ್ ಇತ್ತು ಕಣೇ, ಏನ್ ಮಾಡ್ಲಿ" ಎಂದೆ ನೀನು.

ನನಗೂ ಈಗ ಆರ್ಡರ್ ಇದೆ.

ಮಗಳು


ಮೇ ೨೩

ಮೋಟುಜಡೆಗೆ,

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಾನು ಒದೆಯುವುದಿಲ್ಲ. ಕೂದಲು ಕತ್ತರಿಸಿದ್ದು ಹೌದು. ಕೂದಲು ಬೆಳೆಯುವ ವಸ್ತು ಅಂತ ಕತ್ತರಿಸಿದೆ. ಬೆಳೆಸದೆ ಇದ್ದವಳು ನೀನು.

ಇಗೋ ನನ್ನ ಕೈ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರಕ್ಕೂ ಚುಕ್ಕೆ ಹಾಕಿದ್ದೇನೆ. ನೀನು ಹುಟ್ಟಿದಾಗಿನಿಂದ ಈ ಕೈ ಹೇಗಿದೆ ಅಂತ ಒಂದು ದಿನ ಕೇಳಿದವಳಲ್ಲ. ಈಗ ವಾರವಾರ ಕಳಿಸು ಅನ್ನುತ್ತೀಯ. ನಾಚಿಕೆ ಬಿಟ್ಟು ಹೇಳುತ್ತೇನೆ, ಓದಿ ಖುಷಿಯಾಯಿತು. ಯಾಕೆ ಕೇಳುತ್ತೀಯ ಅಂತ ಗೊತ್ತಿದ್ದೂ ಖುಷಿಯಾಯಿತು.

ಕೆಲಸ ಮಾತ್ರ ಬಿಡುವುದಿಲ್ಲ. ಬೆರಳಿಗೆ ಟೋಪಿ ಹಾಕಿ ನೋಡಿದೆ, ಕೂದಲು ಕೈಗೆ ತಿಳಿಯುವುದಿಲ್ಲ. ಗಂಟು ಹಾಕದೆ ನಾನು ಸುಮ್ಮನೆ ಕೂತರೆ, ನಿನ್ನ ಆ ಊದಿಕೊಂಡ ಕೋಶಕ್ಕೂ ನನಗೂ ಏನು ವ್ಯತ್ಯಾಸ? ನನ್ನನ್ನೂ ಗುಡಿಸಿಬಿಡು ಹಾಗಾದರೆ. ನರ್ಸಿಗೆ ಹೇಳುವುದಿಲ್ಲ. ಉಸಿರು ಬೇಕು ನನಗೆ.

ಇತಿ,
ಹೆತ್ತವಳು


ಜೂನ್ ೯

ಅಮ್ಮನಿಗೆ,

ಸಿಕ್ಕಿತು. ತೋರುಬೆರಳಿನ ಚುಕ್ಕೆ ಹೋದ ವಾರಕ್ಕಿಂತ ದೊಡ್ಡದಿದೆ. ಹೆಬ್ಬೆರಳಿನದರ ಅಂಚು ಕಪ್ಪಗಿದೆಯೋ ಕೆಂಪಗಿದೆಯೋ ಬರೆದಿಲ್ಲ. ಮುಂದಿನ ಸಲ ಪೆನ್ಸಿಲ್ ಬೇಡ, ಅಳಿಸಿಹೋಗುತ್ತದೆ. ಪೆನ್ನಿನಲ್ಲಿ ಹಾಕು.

ಮಗಳು


ಜೂನ್ ೧೬

ಕಪ್ಪಗಿದೆ.

ಹೆತ್ತವಳು


ಜುಲೈ ೧೮

ಮಗಳಿಗೆ,

ಎಡಗೈ ಬರಹ, ಕೋಳಿ ಕೆರೆದ ಹಾಗಿದೆ. ತಾಳ್ಮೆಯಿಂದ ಓದು.

ರಾಜಸಭೆ ಮುಗಿಸಿ ಕಳಿಸಿದ ದಿನವೇ ಜ್ವರ ಏರಿತು. ಪಕ್ಕದ ಮನೆಯವಳು ನಿಮ್ಮ ಆಸ್ಪತ್ರೆಗೇ ಕರೆತಂದಳು, ಬೇರೆಡೆ ನನ್ನ ಕಾಗದಪತ್ರ ಇಲ್ಲವಲ್ಲ. ಬಲಗೈಯ ಆ ಮೂರೂ ಬೆರಳು ತೆಗೆದರು. ಉಳಿದ ಎರಡು ಯಾತಕ್ಕೂ ಬಾರದವು, ಲೋಟ ಹಿಡಿದರೆ ಜೊತೆಗೆ ಹೋಗುತ್ತವೆ ಅಷ್ಟೇ. "ಹೆಂಗಾಯ್ತಮ್ಮ ಇದು?" ಅಂದರು ಸರ್ಜನ್. "ಬಾಗಿಲಿಗೆ ಸಿಕ್ಕಿಹಾಕ್ಕೊಂಡ್ತು, ಸರಿಯಾಗಿ ನೋಡ್ಕೊಳ್ಳಲಿಲ್ಲ" ಅಂದೆ. ಮೂರು ಬೆರಳು ಹೋದರೂ ನಿನ್ನ ಹೆಸರು ಬಾಯಿಗೆ ಬರಲಿಲ್ಲ. ಇದನ್ನು ಎಲ್ಲಾದರೂ ಬರೆದಿಡು.

ಮರುದಿನ ನೀನು ಬಂದೆ, ಏಳೆಂಟು ಜನರ ಗುಂಪಿನಲ್ಲಿ. ಮಂಚದ ಕಾಲ ಬಳಿ ನಿಂತು, "ನಿಮ್ಮ ಉಸಿರಾಟ ಈಗ ಹೇಗಿದೆ?" ಅಂದೆ. "ಚೆನ್ನಾಗಿದೆ ಮೇಡಂ" ಅಂದೆ ನಾನು. ನೀನು ನನ್ನ ಎದೆಗೆ ಆ ಸಾಧನ ಇಟ್ಟು ಕೇಳಿಸಿಕೊಂಡೆ. ಅಷ್ಟು ಹತ್ತಿರ ನೀನು ಬಂದು ಎಷ್ಟು ವರ್ಷವಾಗಿತ್ತು. ಸೋಪಿನ ವಾಸನೆ ಬಂತು. ಬಟ್ಟೆ ಸುತ್ತಿದ ಕೈಯ ಕಡೆ ಕಣ್ಣು ಹಾಯಿಸದೆ, ಉಳಿದವರಿಗೆ "ಇದು ಮಾತ್ರೆಗೆ ಸಂಬಂಧಿಸಿದ್ದಲ್ಲ" ಅಂದು ಮುಂದಿನ ಮಂಚಕ್ಕೆ ಹೋದೆ. ಆ ಮಂಚದ ಮುದುಕಿಯ ಹೊದಿಕೆ ಸರಿಮಾಡಿದೆ. ಅದನ್ನೂ ನಾನು ನೋಡಿದೆ.

ಮನೆಗೆ ವಾಪಸು ಬಂದ ಮೇಲೆ ನನ್ನ ಪಾಡು ಹೀಗಿದೆ. ಎದೆ ಹೊಸದು, ಕೈ ಇಲ್ಲ. ಬಚ್ಚಲಲ್ಲಿ ಗುಂಡಿ ಬಿಚ್ಚಲು ಬರುವುದಿಲ್ಲ. ಪಕ್ಕದ ಮನೆಯವಳು ಎರಡು ದಿನ ತುತ್ತು ಕಲಸಿಕೊಟ್ಟು ಮೂರನೆಯ ದಿನ ತಟ್ಟೆ ಕುಕ್ಕಿದಳು. ಇನ್ನೂ ಬಹಳ ವರ್ಷ ಬಾಳುತ್ತೀರಿ ಅಂದಳು ನರ್ಸ್ ಮನೆಗೆ ಕಳಿಸುವಾಗ, ಶುಭಾಶಯದ ಹಾಗೆ. ಅಷ್ಟು ವರ್ಷ ನನ್ನನ್ನು ಯಾರು ನೋಡಿಕೊಳ್ಳಬೇಕು? ನೀನೇ. ಊರಿಗೆ ಬಂದವಳು ನೀರಿಗೆ ಬರಲೇಬೇಕು. ನಿನ್ನ ಮನೆಗೆ ಬರುತ್ತೇನೆ. ವಿಗ್ ಅಂಗಡಿ ಮುಚ್ಚಿ, ಮರದ ತಲೆಗಳನ್ನು ಕೊಟ್ಟುಬಿಟ್ಟಿದ್ದೇನೆ. ಯಾರಾದರೂ ಕೇಳಿದರೆ ಮನೆಗೆಲಸದವಳು ಅಂತ ಹೇಳು, ನನಗೇನೂ ಇಲ್ಲ. ನನ್ನನ್ನು ಸೇರಿಸದಿದ್ದರೆ ಆ ನರ್ಸಿಗೆ ಎಲ್ಲ ಹೇಳುತ್ತೇನೆ, ನನ್ನ ಬಾಯಿ ನಿನಗೆ ಗೊತ್ತು.

ಹೆದರಿಸುತ್ತಿದ್ದೇನೆ ಅಂತ ತಿಳಿದುಕೋ. ಬೇಡುತ್ತಿದ್ದೇನೆ ಅಂತಲೂ ತಿಳಿದುಕೋ.

ನಿನ್ನ ಅಮ್ಮ


ಆಗಸ್ಟ್ ೨

ಅಮ್ಮನಿಗೆ,

ನರ್ಸಿಗೆ ಹೇಳುವುದಾದರೆ ಹೇಳಬಹುದು. ಮಕ್ಕಳಿಲ್ಲ ಎಂದು ಹೇಳಿದವಳು ನೀನು, ಬಾಗಿಲಿಗೆ ಸಿಕ್ಕಿತು ಎಂದು ಹೇಳಿದವಳೂ ನೀನು. ಜ್ವರದಲ್ಲಿ ಕನವರಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಇನ್ನೊಂದು ವಿಷಯ. ದೊಡ್ಡ ಶಸ್ತ್ರಚಿಕಿತ್ಸೆ ಆದವರನ್ನು ಪ್ರಯೋಗದಲ್ಲಿ ಮುಂದುವರಿಸುವಂತಿಲ್ಲ. ನಿನ್ನನ್ನು ಕೈಬಿಟ್ಟಿದ್ದೇವೆ. ಈ ತಿಂಗಳಿನಿಂದ ಮಾತ್ರೆ ಇಲ್ಲ. ನಿನ್ನ ಕೈಯ ಹೊಲಿಗೆ ಕೂಡಬೇಕಾದರೂ ಮಾತ್ರೆ ನಿಲ್ಲಲೇಬೇಕು. ಮಾತ್ರೆ ನಿಲ್ಲಿಸಿದ ಇಲಿಗಳಲ್ಲಿ ಮುಪ್ಪಿನ ಕೋಶಗಳು ಮತ್ತೆ ತುಂಬಿಕೊಂಡವು. ಬಹಳ ಕಾಲ ಹಿಡಿಯಲಿಲ್ಲ.

ನೀನು ಬರುವುದನ್ನು ಬೇಡ ಎನ್ನುವುದಿಲ್ಲ. ಕೆಲಸದ ಮೇಲೆ ಹೊರಗೆ ಹೋಗುವುದಿದೆ, ಅಕ್ಟೋಬರ್ ನಡುವಿಗೆ ಮುಂಚೆ ಬರಬೇಡ. ನನ್ನ ಮನೆ ನಾಲ್ಕನೆಯ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಆ ಹೊತ್ತಿಗೆ ನಿನಗೆ ಹತ್ತಲು ಆಗುವುದಾದರೆ ರಸ್ತೆ ಕಡೆಯ ಕೋಣೆ ನಿನ್ನದು.

ಮಗಳು


ಅಕ್ಟೋಬರ್ ೧೭, ನಿನ್ನ ಬಾಗಿಲ ಹೊರಗೆ

ಮಗಳಿಗೆ,

ಬೆಲ್ ಒತ್ತಿದೆ, ಬಾಗಿಲು ತಟ್ಟಿದೆ. ಕೂಗಲು ಆಗುವುದಿಲ್ಲ, ಅದಕ್ಕೆ ಔಷಧಿ ಚೀಟಿಯ ಹಿಂದೆ ಬರೆದು ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ.

ಹತ್ತಿದೆ. ಬೆಳಿಗ್ಗೆ ಶುರು ಮಾಡಿದ್ದು, ಈಗ ಮಧ್ಯಾಹ್ನ ದಾಟಿದೆ. ಮೆಟ್ಟಿಲ ಮೇಲೆ ಕೂತು, ಗೋಡೆ ಹಿಡಿದು, ಮತ್ತೆ ಕೂತು. ಎರಡನೆಯ ಮಹಡಿಯಲ್ಲಿ ಒಬ್ಬಳು ನೀರು ತಂದುಕೊಟ್ಟು ಯಾರ ಮನೆಗೆ ಅಂತ ಕೇಳಿದಳು. ಅಮ್ಮ ಅನ್ನಲಿಲ್ಲ. ಮೇಲಿನ ಮೇಡಂಗೆ ವಿಗ್ ಬೇಕಂತೆ, ತಲೆ ಅಳತೆಗೆ ಬಂದಿದ್ದೇನೆ ಅಂದೆ. ನನ್ನ ಕೈ ನೋಡಿದಳು. ನಂಬಲಿಲ್ಲ, ಆದರೆ ಒಳ್ಳೆಯವಳು, ಲೋಟ ತೆಗೆದುಕೊಂಡು ಒಳಗೆ ಹೋದಳು.

ಬಾಗಿಲ ಸಂದಿಯಲ್ಲಿ ನಿನ್ನ ಪಾದದ ನೆರಳು ಕಾಣುತ್ತಿದೆ. ನಾನು ಬೆಲ್ ಒತ್ತಿದಾಗ ಬಂದು ನಿಂತದ್ದು ಇನ್ನೂ ಹೋಗಿಲ್ಲ. ತೆಗೆಯುತ್ತಲೂ ಇಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ನಿಲ್ಲುತ್ತಿದ್ದೆನೋ ಏನೋ, ಗೊತ್ತಿಲ್ಲ.

ಹತ್ತುವಷ್ಟು ಉಸಿರು ಇತ್ತು, ಅದು ಮುಗಿಯಿತು. ಇಳಿಯುವಷ್ಟು ಇಲ್ಲ. ಇಲ್ಲೇ ಕೂತಿದ್ದೇನೆ.

ಅಮ್ಮ